ಬೆನ್ನ ಹಿಂದೆ ಮಾವಯ್ಯ

ಆ ಬೇಕರಿಯ ಭಟ್ಟಿಯ ಮುಂದೆ ನಿಂತರೆ ಬೆನ್ನು ಬಾಗಿಲ ಕಡೆಗಾಗುತ್ತದೆ. ಬೇಕರಿ ನಡೆಸುವ ಅಕ್ಕ-ಭಾವನ ಜೊತೆಯಲ್ಲೇ ಉಳಿದ ತಂಗಿ ಹರೆಯದಿಂದ ಹಾಗೆ ನಿಂತೇ ಬನ್ನು ಬೇಯಿಸಿದವಳು. ಹಿಂದೊಂದು ಬಾಗಿಲಿದೆ ಎಂಬುದೂ ಅವಳಿಗೆ ಮರೆತುಹೋಗಿತ್ತು. ಒಂದು ಮುಂಜಾನೆ ಯಾರೋ ಹಿಂದಿನಿಂದ ಬಂದು ಅವಳ ಕುತ್ತಿಗೆ ಹಿಸುಕಿ, ಗಲ್ಲಾಪೆಟ್ಟಿಗೆ ಎತ್ತಿಕೊಂಡು ಹೋದ. ಕುತ್ತಿಗೆಯ ಕಲೆ ಮಾಸಿತು, ಭಯ ಮಾಸಲಿಲ್ಲ.

ಆಮೇಲೆ ಅವಳು ಊಟಕ್ಕೂ ಗೋಡೆಗೆ ಬೆನ್ನು ಕೊಟ್ಟೇ ಕೂರುವಳು. ಭಟ್ಟಿಯ ಪಕ್ಕ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ಕನ್ನಡಿಯಂತೆ ತಿಕ್ಕಿ ಗೋಡೆಗೆ ಒರಗಿಸಿದಳು, ಬಾಗಿಲು ಅದರಲ್ಲಿ ಕಾಣಲೆಂದು. ಕಣ್ಣು ತಟ್ಟೆಯ ಮೇಲೆ; ಬನ್ನುಗಳೆಲ್ಲ ಸೀದು ಕರಕಲು.

"ಇದ್ದಿಲಂಗಡಿ ಅಂತ ಬೋರ್ಡ್ ಬರೆಸ್ಲೇನಮ್ಮಾ?" ಎಂದ ಭಾವ. ಆಮೇಲೆ ದನಿ ತಗ್ಗಿಸಿ, "ಬರೋ ತಿಂಗಳಿಂದ ಭಟ್ಟಿಗೆ ಬೇರೆಯವರನ್ನ ಇಡ್ತೀನಿ. ನೀನು ಕೌಂಟರ್‌ನಲ್ಲಿ ಕೂತ್ಕೋ," ಎಂದ.

ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಭಟ್ಟಿ ಹೋದರೆ ತಾನು ಆ ಮನೆಯಲ್ಲಿ ಬರೀ ತುತ್ತು ಅನ್ನಕ್ಕೆ ಬಿದ್ದಿರುವವಳು ಅನ್ನಿಸಿತು.

ಅಕ್ಕನೇ ಅವಳನ್ನು ಊರಾಚೆಯ ಲಾಯಕ್ಕೆ ಎಳೆದೊಯ್ದಳು. ಎದೆಗುಂದಿದವರಿಗೆ ಅಲ್ಲಿ ಕುದುರೆ ಪಳಗಿಸಲು ಕಲಿಸುತ್ತಾರೆ. ಕುದುರೆ ಪಳಗುವಷ್ಟರಲ್ಲಿ ಮನುಷ್ಯರ ಮನಸ್ಸೂ ಕೊಂಚ ನೆಟ್ಟಗಾಗುತ್ತದಂತೆ. ಕಲಿಸುವ ಹೆಂಗಸನ್ನು ಎಲ್ಲರೂ ಕುದುರೆಯಮ್ಮ ಅನ್ನುತ್ತಿದ್ದರು. ಅವಳ ಪಾಲಿಗೆ ಬಂದ, ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಕಂದು ಕುದುರೆಯ ಹೆಸರು ಮಾವಯ್ಯ.

ಕೆಲವು ವಾರ ಹಗ್ಗ ಹಿಡಿದು ಬೇಲಿಯೊಳಗೆ ಸುತ್ತಿದ್ದಾಯಿತು. ಕುದುರೆ ಕಣ್ಣೆದುರಿಗಿದ್ದುದರಿಂದ ಹೇಗೋ ತಾಳಿಕೊಂಡಳು.

"ಇವತ್ತು ಹಗ್ಗ ಇಲ್ಲ," ಎಂದಳು ಕುದುರೆಯಮ್ಮ. "ನಡುವೆ ನಿಂತು ಅವನಿಗೆ ಬೆನ್ನು ಮಾಡು. ದಿಟ್ಟಿಸಿ ನೋಡಿದ್ರೆ ಹಿಡಿಯೋಕೆ ಬಂದ್ರು ಅಂದ್ಕೋತಾನೆ. ಬೆನ್ನು ಕಂಡ್ರೆ ತಾನೇ ಹತ್ರ ಬರ್ತಾನೆ."

"ಬೆನ್ನಾ? ನನ್ನ ಕೈಲಾಗಲ್ಲಮ್ಮ. ಹೆದ್ರಿಕೆ."

"ಹೆದರ್ಕೊಂಡೇ ನಿಂತ್ಕೋ. ಬೇಡ ಅಂದೋರು ಯಾರು?"

ನಡುಮಧ್ಯೆ ನಿಂತು ಅವಳು ತಿರುಗಿದಳು. ಆದರೆ ಬೇಕರಿಯಿಂದ ಹಾಗೇ ತೊಟ್ಟು ಬಂದಿದ್ದ ಏಪ್ರನ್ನಿನ ಜೇಬಿನಲ್ಲಿ ಒಂದು ಕೇಕ್ ಡಬ್ಬಿಯ ಮುಚ್ಚಳವಿತ್ತು, ಥಳಥಳ ತಿಕ್ಕಿದ್ದು. ಮೆಲ್ಲಗೆ ಅದನ್ನು ಹೊರತೆಗೆದು ಹಿಡಿದಳು. ಅದರೊಳಗೆ ಕಂದು ಮೂತಿಯೊಂದು ದೊಡ್ಡದಾಗುತ್ತ ಬಂತು. ಇನ್ನೂ ಸರಿಯಾಗಿ ಕಾಣಲೆಂದು ಮುಚ್ಚಳವನ್ನು ಓರೆ ಮಾಡಿದಳು. ಬಿಸಿಲು ಅದಕ್ಕೆ ಬಡಿದು ಮಾವಯ್ಯನ ಕಣ್ಣಿಗೆ ಚುಚ್ಚಿತು.

ಕುದುರೆ ಚೀರಿ ಮುಂಗಾಲೆತ್ತಿತು. ನೆಲ ಅದುರಿತು. ಅವಳು ತಲೆ ಮುಚ್ಚಿಕೊಂಡು ಕುಕ್ಕರಿಸಿದಳು. ಬೇಲಿಯಾಚೆ ಅಕ್ಕ "ಅಯ್ಯಯ್ಯೋ!" ಎಂದು ಕೂಗಿದಳು.

"ಏನೇ ಅದು ಕೈಲಿ?" ಕುದುರೆಯಮ್ಮ ಗದರಿದಳು. "ಪುಣ್ಯಾತ್ಗಿತ್ತಿ, ಅವನ ಜೀವ ತೆಗೀತಿದ್ಯಲ್ಲೇ!"

ಅವಳು ತಲೆಯೆತ್ತಿದಳು. ಮೂಲೆಯಲ್ಲಿ ಮಾವಯ್ಯ ಬೇಲಿಗೆ ಹಿಂಭಾಗ ಒತ್ತಿಕೊಂಡು ನಿಂತಿತ್ತು. ಮೈಚರ್ಮ ಅಲೆಅಲೆಯಾಗಿ ಕಂಪಿಸುತ್ತಿತ್ತು. ಊಟದ ಹೊತ್ತಿಗೆ ಗೋಡೆಗೊರಗುವ ತನ್ನನ್ನೇ ಅವಳು ಅಲ್ಲಿ ಕಂಡಳು. ತನ್ನಂಥವಳಿಗೂ ಒಂದು ಜೀವ ಇಷ್ಟು ಹೆದರಬಹುದೆಂದು ಅವಳು ಎಣಿಸಿರಲಿಲ್ಲ.

ಮುಚ್ಚಳವನ್ನು ಬೇಲಿಯಾಚೆ ಎಸೆದು ಎದ್ದಳು. ಬೆನ್ನು ತಿರುಗಿಸಿದಳು. 'ದೇವರೇ, ನನ್ನ ಹಿಂದೆ ಏನಿದೆ ಅಂತ ನೀನೇ ನೋಡ್ಕೋ,' ಎಂದುಕೊಂಡಳು.

ಎಷ್ಟು ಹೊತ್ತೋ. ಗೊರಸಿನ ಸದ್ದು. ಮತ್ತೆ ಮೌನ. ಆಮೇಲೆ ಕುತ್ತಿಗೆಗೆ, ಆ ಬೆರಳುಗಳು ಒತ್ತಿದ್ದ ಜಾಗಕ್ಕೇ, ಬಿಸಿಯುಸಿರು ತಾಕಿತು. ಮೈಯ ಕೂದಲೆಲ್ಲ ಎದ್ದು ನಿಂತವು. ಓಡು ಎಂದವು ಕಾಲುಗಳು. ಅವಳು ಕಾಲಿನ ಮಾತು ಕೇಳಲಿಲ್ಲ. ಬೆಣ್ಣೆಯ ವಾಸನೆ ಹಿಡಿದ ಮಾವಯ್ಯ ಏಪ್ರನ್ನಿನ ದಾರ ಕಚ್ಚಿ ಗಂಟು ಬಿಚ್ಚಿತು. ಅಳುತ್ತಿದ್ದ ಅಕ್ಕನಿಗೆ ನಗು ಬಂತು.

ಮರುದಿನ ಬೆಳಗ್ಗೆ ಅವಳು ಆ ದೊಡ್ಡ ತಟ್ಟೆಯನ್ನು ಗೋಡೆಯಿಂದ ತೆಗೆದು, ಎಣ್ಣೆ ಸವರಿ, ಬನ್ನು ಜೋಡಿಸಿದಳು. ಭಟ್ಟಿಯೊಳಗೆ ತಳ್ಳುವಾಗ ಹಿಂದೆ ಬಾಗಿಲು ಕಿರುಗುಟ್ಟಿತು. ಕುತ್ತಿಗೆ ತಣ್ಣಗಾಯಿತು. ತಟ್ಟೆ ಪೂರ್ತಿ ಒಳಗೆ ಹೋಗಿ, ಭಟ್ಟಿಯ ಬಾಗಿಲು ಮುಚ್ಚಿದ ಮೇಲೆಯೇ ತಿರುಗಿದಳು.

ಹಾಲಿನ ಕ್ಯಾನ್ ಹಿಡಿದ ಭಾವ ಗೋಡೆಯ ಕಡೆ ನೋಡುತ್ತಿದ್ದ. "ಎಲ್ಲಮ್ಮಾ ನಿನ್ನ ಕನ್ನಡಿ?"

"ಬೇಯ್ತಾ ಇದೆ, ಭಾವ," ಎಂದಳು. ದನಿ ಇನ್ನೂ ನಡುಗುತ್ತಿತ್ತು.