ಅಕ್ಕನ ಸಾಕ್ಷಿ ಸಹಿ

ನನ್ನ ಅಕ್ಷರ ದುಂಡಗಿದೆ ಎಂದು ಊರಿಗೆಲ್ಲ ಗೊತ್ತು. ಅಪ್ಪ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿದ್ದ ಒಂದೂಕಾಲು ಎಕರೆ ಹೊಲವನ್ನು ನಮ್ಮ ಹೆಸರಿಗೆ ಮಾಡಿಸಲು ವಂಶವೃಕ್ಷ ಬರೆಯುವ ಕೆಲಸ ಹಾಗಾಗಿ ನನಗೇ ಬಂತು. ಮೇಲೆ ಅಪ್ಪ, ಅಮ್ಮ, ಇಬ್ಬರೂ ಮೃತರು. ಕೆಳಗೆ ಅಣ್ಣ, ನಾನು. ಅಕ್ಕನನ್ನು ಬಿಟ್ಟೆ.

ಮರೆತು ಬಿಟ್ಟದ್ದಲ್ಲ. ನಮ್ಮ ಸಮೇತನಹಳ್ಳಿ ಕಡೆ ಹೆಣ್ಣುಮಕ್ಕಳಿಗೆ ಸೀರೆ, ಬಳೆ ಕೊಟ್ಟು, ರಿಜಿಸ್ಟರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡಿಸಿಕೊಳ್ಳುವುದು ವಾಡಿಕೆ. ಆದರೆ ಅದಕ್ಕೆ ಅವಳನ್ನು ಕೇಳಬೇಕಲ್ಲ. ಗಂಡ ಬಿಟ್ಟುಹೋದ ಮೇಲೆ ಹನ್ನೆರಡು ವರ್ಷದಿಂದ ಅಕ್ಕ ನಮ್ಮ ಹಿಂದಿನ ಕೋಣೆಯಲ್ಲೇ ಇದ್ದಳು. ಆ ಹೊಲದಲ್ಲಿ ರಾಗಿ ಬೆಳೆದವಳೂ ಅವಳೇ. ಕೇಳಿದರೆ ಆಗುವುದಿಲ್ಲ ಎಂದುಬಿಟ್ಟರೆ? ಅಣ್ಣ ಅಷ್ಟೇ ಹೇಳಿದ್ದು. ಮಿಕ್ಕದ್ದನ್ನು ನಾನು ಮಾಡಿದೆ.

ಬರೆದದ್ದು ನಿಜವೇ ಎಂದು ನೆರೆಯವರನ್ನು ವಿಚಾರಿಸಿ ಮಹಜರು ಬರೆಯಲು ಗ್ರಾಮ ಲೆಕ್ಕಿಗರು ಮನೆಗೆ ಬಂದರು. ಸಾಕ್ಷಿಗೆ ಮೂವರನ್ನು ಒಪ್ಪಿಸಿದ್ದೆವು, ಒಬ್ಬ ಕೈಕೊಟ್ಟಿದ್ದ. ಲೆಕ್ಕಿಗರು ನನ್ನ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಕ್ಕ ಕಾಫಿ ತಂದಳು. ಓದಿ ಮುಗಿದರೂ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

"ಹೆಣ್ಮಕ್ಳು ಯಾರೂ ಇಲ್ವಾ?" ಎಂದರು ಲೆಕ್ಕಿಗರು.

"ಇಲ್ಲ ಸಾರ್," ಎಂದೆ.

"ಇವರ್ಯಾರು ಮತ್ತೆ?"

ಅಣ್ಣ ಗೋಡೆ ನೋಡಿದ. ಅಕ್ಕನೇ ಹೇಳಿದಳು, "ನಾನು ಪಕ್ಕದ್ಮನೆಯೋಳು ಸಾರ್. ಕಾಫಿ ಕೊಡಕ್ ಬಂದೆ."

ಹಾಗಾದರೆ ಮೂರನೆಯ ಸಾಕ್ಷಿ ನೀವೇ ಆಗಿ ಎಂದು ಲೆಕ್ಕಿಗರು ಪೆನ್ನು ಕೊಟ್ಟರು. ಅಲ್ಲಿ ಕೂತಿದ್ದ ಇಬ್ಬರು ನೆರೆಯವರಿಗೂ ಅವಳು ಯಾರೆಂದು ಗೊತ್ತಿತ್ತು. ಅವರು ತಲೆ ತಗ್ಗಿಸಿಕೊಂಡು ಕಾಫಿ ಕುಡಿದರು. 'ಮೃತರಿಗೆ ಈ ಇಬ್ಬರು ಗಂಡುಮಕ್ಕಳ ಹೊರತು ಬೇರೆ ವಾರಸುದಾರರಿಲ್ಲ' ಎಂಬ ಸಾಲಿನ ಕೆಳಗೆ ಅಕ್ಕ ನಿಧಾನವಾಗಿ ತನ್ನ ಹೆಸರು ಬರೆದಳು. ಮುಂದೆ, ಇಂಥವರ ಮಗಳು ಅಥವಾ ಹೆಂಡತಿ ಎನ್ನುವ ಕಡೆ, ಹನ್ನೆರಡು ವರ್ಷ ಬಾಯಲ್ಲಿ ಎತ್ತದ ಗಂಡನ ಹೆಸರನ್ನೂ ಬರೆದಳು. ನನ್ನ ಮಾನ ಉಳಿಯಿತು. ಅಂಥ ಮಾನ ಇದ್ದರೇನು, ಹೋದರೇನು.

ಸಂಜೆ ಅವಳ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ತಪ್ಪಾಯ್ತು ಅನ್ನಲು ನಾಚಿಕೆಯಾಯಿತು, ಅನ್ನದೆ ನಿಲ್ಲಲು ಇನ್ನೂ ನಾಚಿಕೆಯಾಯಿತು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮೊದ್ಲು ಅಪ್ಪನ ಹೆಸ್ರು ಬರಿಯಕ್ಕೇ ಕೈ ಹೋಯ್ತು ಕಣೋ," ಎಂದಳು, ತಲೆ ಎತ್ತದೆ. "ಬರ್ದಿದ್ರೆ ನೀನು ಸಿಕ್ಕಾಕೊಳ್ತಿದ್ದೆ. ತಡ್ಕೊಂಡೆ."

ಪಹಣಿಯಲ್ಲಿ ಈಗ ಅಣ್ಣನ ಹೆಸರೂ ನನ್ನ ಹೆಸರೂ ಇವೆ. ತಪ್ಪು ಒಪ್ಪಿಕೊಂಡು ಅರ್ಜಿ ಕೊಟ್ಟರೆ ತಿದ್ದಿಸಬಹುದಂತೆ. ಅರ್ಜಿ ಬರೆದು ಎಂಟು ತಿಂಗಳಾಯಿತು, ಅದೇ ದುಂಡು ಅಕ್ಷರದಲ್ಲಿ. ಇನ್ನೂ ಕೊಟ್ಟಿಲ್ಲ. ಅಕ್ಕ ಇವತ್ತು ಬೆಳಗ್ಗೆಯೂ ಕುಡುಗೋಲು ಹಿಡಿದು ಹೊಲಕ್ಕೆ ಹೋದಳು.