ನೀಲಾವತಿ ಕಂಡ ಬಿಳಿ ಬೊಟ್ಟು

ನರಿಕೊಂಬಿನ ನೀಲಾವತಿ ವಾರ ತುಂಬಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಪಾಣೆಮಂಗಳೂರಿನ ಮನೆಗಳಿಗೆ ಮಾರುತ್ತಿದ್ದಳು. ಮೊಟ್ಟೆಯ ಆಸೆಗೆ ಕೊಂಡ ಮರಿಗಳು ಬೆಳೆದು ಹುಂಜಗಳಾಗಿ ಕೂಗತೊಡಗಿದರೆ ಬೈಗುಳ ಅವಳ ಪಾಲಿಗೆ. ಅಷ್ಟು ಎಳೆಯ ಮರಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳುವುದು ಕೋಳಿ ಅಂಕದಲ್ಲಿ ಕಾದಾಡುವ ಹುಂಜಗಳನ್ನು ಸಾಕಿ ಪಳಗಿದ ಅವಳ ಮಾವ ತುಕ್ರಪ್ಪನಿಂದಲೂ ಆಗುತ್ತಿರಲಿಲ್ಲ.

ಅರವತ್ತೆರಡನೆಯ ಇಸವಿಯಲ್ಲಿ ಗ್ರಾಮಸೇವಕ ಕಮಲಾಕ್ಷ ಅವಳಿಗೆ ರೋಡ್ ಐಲೆಂಡ್ ಜಾತಿಯ ಒಂದು ಕೆಂಪು ಹುಂಜವನ್ನೂ, ಮೈತುಂಬ ಕಪ್ಪು ಬಿಳಿ ಪಟ್ಟೆಯ ಪ್ಲಿಮತ್ ರಾಕ್ ಜಾತಿಯ ನಾಲ್ಕು ಹೇಂಟೆಗಳನ್ನೂ ತರಿಸಿಕೊಟ್ಟ. ಆ ಹುಂಜವನ್ನು ಮೀಯಿಸಿ, ಒರೆಸಿ, ಅವಳು ಬಂಟ್ವಾಳದ ಕೋಳಿ ಪ್ರದರ್ಶನಕ್ಕೆ ಒಯ್ದಳು. ಪರೀಕ್ಷಕರು ಅದರ ಜುಟ್ಟಿನ ಹಲ್ಲುಗಳನ್ನು ಎಣಿಸಿ, ಬದಿಯಲ್ಲೊಂದು ಮೊಳಕೆ ಹೆಚ್ಚಿದೆ, ಜಾತಿಲಕ್ಷಣಕ್ಕೆ ಸರಿಹೊಂದುವುದಿಲ್ಲ ಎಂದು ಹೊರಗಿಟ್ಟರು. ಇನ್ನು ಇದು ಸಾರಿಗೇ ಲಾಯಕ್ಕು ಎಂದ ತುಕ್ರಪ್ಪ. ಅವಳು ಒಪ್ಪಲಿಲ್ಲ.

ಆ ಹುಂಜಕ್ಕೂ ಪಟ್ಟೆಯ ಹೇಂಟೆಗಳಿಗೂ ಹುಟ್ಟಿದ ಮರಿಗಳೆಲ್ಲ ಕಪ್ಪು. ಕೆಲವಕ್ಕೆ ಮಾತ್ರ ನೆತ್ತಿಯ ಮೇಲೆ ಬಿಳಿ ಬೊಟ್ಟು. ಕುತೂಹಲಕ್ಕೆ ಅವಳು ಒಂದನ್ನೂ ಮಾರದೆ ಸಾಕಿದಳು. ಬೊಟ್ಟಿನವೆಲ್ಲ ಹುಂಜಗಳಾದವು, ಉಳಿದವೆಲ್ಲ ಹೇಂಟೆಗಳು. ಮುಂದಿನ ಎರಡು ಕಾವಿನಲ್ಲೂ ಹಾಗೆಯೇ ಆಯಿತು. ಆಗ ಬೊಟ್ಟಿಲ್ಲದ ಆರು ಮರಿಗಳನ್ನು ಪಾಣೆಮಂಗಳೂರಿನ ಸಫಿಯಮ್ಮನ ಮನೆಗೆ ಒಯ್ದು, "ಇದರಲ್ಲಿ ಒಂದೂ ಕೂಗುವುದಿಲ್ಲ, ನೋಡಿ ಬೇಕಾದರೆ" ಎಂದಳು. ಸಫಿಯಮ್ಮ ನಂಬದಿದ್ದರೂ ಕೊಂಡರು. ಆರೂ ಮೊಟ್ಟೆಯಿಟ್ಟ ಮೇಲೆ ನೀಲಾವತಿಯ ಬುಟ್ಟಿಗೆ ಜನ ಕಾಯತೊಡಗಿದರು.

ಅಷ್ಟರಲ್ಲಿ ಕೆಂಪು ಹುಂಜವನ್ನು ನರಿ ಹಿಡಿಯಿತು. ಬೇರೆ ಕೆಂಪು ಹುಂಜ ಕೂಡಲೇ ಸಿಗದೆ, ಅದೇ ಎರಡು ಬಣ್ಣ ಸಾಕಲ್ಲ ಎಂದುಕೊಂಡು ಅವಳು ಪ್ಲಿಮತ್ ರಾಕ್ ಜಾತಿಯದೇ ಒಂದು ಪಟ್ಟೆಯ ಹುಂಜವನ್ನೂ ಕೆಲವು ಕೆಂಪು ಹೇಂಟೆಗಳನ್ನೂ ಕೊಂಡು ತಂದು ಒಟ್ಟಿಗೆ ಬಿಟ್ಟಳು. ಹುಟ್ಟಿದ ಮರಿಗಳಿಗೆಲ್ಲ ಬೊಟ್ಟು! ಎಲ್ಲವೂ ಗಂಡೆಂದು ತಿಳಿದು ಹೋಟೆಲಿನ ಅಬ್ದುಲ್ ನಾಸಿರ್‌ಗೆ ಮಾಂಸಕ್ಕೆ ಸಾಕಲು ಕೊಟ್ಟಳು. ಆರು ತಿಂಗಳಿಗೆ ಅವನು ಅಂಗಳಕ್ಕೆ ಬಂದು ಅಂಗೈ ಬಿಚ್ಚಿದ. ಅದರಲ್ಲೊಂದು ಮೊಟ್ಟೆ.

"ನಿಮ್ಮ ಹುಂಜ ಇಟ್ಟದ್ದು, ನೀಲಕ್ಕ."

ನಾಚಿಕೆಯಾಗಿ ಅವಳು ಅಂದೇ ಕಮಲಾಕ್ಷನಲ್ಲಿಗೆ ಹೋಗಿ ಹೀಗೇಕೆಂದು ಕೇಳಿದಳು. ಅವನು ಮಂಗಳೂರಿನ ಪಶುವೈದ್ಯ ಕಚೇರಿಗೆ ಕಾಗದ ಬರೆದು ಉತ್ತರ ತರಿಸಿ ವಿವರಿಸಿದ: "ಮರಿಯ ನೆತ್ತಿಯ ಬೊಟ್ಟು ಮುಂದೆ ಬರುವ ಪಟ್ಟೆಯ ಗುರುತು. ಪಟ್ಟೆಯ ತಾಯಿ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡ್ತದೆ. ಪಟ್ಟೆಯ ತಂದೆಯಾದರೆ ಎಲ್ಲರಿಗೂ ಕೊಡ್ತದೆ."

ನೀಲಾವತಿ ಅದನ್ನು ತನ್ನ ಮಾತಿನಲ್ಲಿ ಹೇಳಿ ನೋಡಿದಳು.

"ಹಾಗಾದರೆ ಅಪ್ಪ ಕೆಂಪು, ಅಮ್ಮ ಪಟ್ಟೆ. ತಿರುಗಿಸಲಿಕ್ಕೆ ಇಲ್ಲ."

ಮತ್ತೊಂದು ಕೆಂಪು ಹುಂಜ ಬಂತು. ನಾಸಿರ್‌ನ ಹೋಟೆಲಿಗೆ ಹೋಗಿ ತನ್ನ ತಪ್ಪು ಎಲ್ಲಿ ಆಯಿತೆಂದು ತಾನೇ ಹೇಳಿದಳು. ಅವನು ಮೊಟ್ಟೆಯಿಡುವ ಹೇಂಟೆಗಳನ್ನು ಹಿಂದೆ ಕೊಡಲು ಒಪ್ಪಲೇ ಇಲ್ಲ. ಅರವತ್ತಾರರ ಹೊತ್ತಿಗೆ ದೂರದ ಶಿರ್ತಾಡಿಯಿಂದಲೂ ಹೆಂಗಸರು ಬಸ್ಸು ಹಿಡಿದು ಬರುತ್ತಿದ್ದರು. ನೀಲಾವತಿ ಮರಿಗಳನ್ನು ತಾನು ಆರಿಸಿ ಕೊಡುತ್ತಿರಲಿಲ್ಲ. ಅವರ ಕೈಗೇ ಬುಟ್ಟಿ ಕೊಟ್ಟು, ನೆತ್ತಿ ನೋಡಿ ಬೇರ್ಪಡಿಸಲು ಹೇಳಿ, ಅವರು ಸರಿಯಾಗಿ ಆರಿಸುವವರೆಗೂ ಪಕ್ಕದಲ್ಲಿ ಕೂತಿರುತ್ತಿದ್ದಳು.