ಅವ್ವ ಕುಂಕುಮ ಕೊಟ್ಟಿದ್ದಕ್ಕೆ

"ಹೋಗ್ಲಿ ಬಿಡ್ರಿ, ಹುಡುಗ್ರು ಅಂದ್ಮೇಲೆ ಇದ್ದದ್ದೇ" ಅಂತ ಈಗಲೂ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತೆ ಅಂತಾರಲ್ಲ, ಸುಳ್ಳು. ನನ್ನದು ಇಳಿದಿಲ್ಲ. ಇಳಿಯೋದೂ ಬ್ಯಾಡ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನಮ್ಮ ಮನೆ ಹರಿಹರದಲ್ಲಿ. ನಾನು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದದ್ದು ದಾವಣಗೆರೆಯ ಒಂದು ಕಾಲೇಜಿನಲ್ಲಿ. ಯಾವ ಕಾಲೇಜು ಅಂತ ಕೇಳಬೇಡಿ, ಹೇಳೋಲ್ಲ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅವ್ವನಿಗೆ ಓದು ಬರಹ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೇ ಹೆಣ್ಣು ನಾನೇ. ಅಪ್ಪ ಕಳಿಸಿದ್ದು ಒಂದೇ ಷರತ್ತಿನ ಮೇಲೆ: "ನಿನ್ನ ಬಗ್ಗೆ ಒಂದು ಮಾತು ಬಂತೋ, ಅವತ್ತಿಗೆ ಕಾಲೇಜು ಬಂದ್." ಮಾತು ಯಾರು ಆಡಿದ್ದು, ಯಾಕೆ ಆಡಿದ್ದು ಅನ್ನೋದೆಲ್ಲ ಆ ಷರತ್ತಿನಲ್ಲಿ ಇರಲಿಲ್ಲ.

ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಿದ್ದೆವು. ರೈಲಿನ ಪಾಸಿಗೆ ಕಾಲೇಜಿನ ಮೊಹರು ಇರೋ ಫಾರಂ ಬೇಕು. ಅದನ್ನ ಹಂಚೋ ಕೆಲಸವನ್ನ ಪ್ರಿನ್ಸಿಪಾಲರು ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗೆ ವಹಿಸಿಬಿಟ್ಟಿದ್ದರು. ಕಾರ್ಯದರ್ಶಿ ಅಂದರೆ ಮಂಡಿಪೇಟೆಯ ದೊಡ್ಡ ಸಾಹುಕಾರರ ಮಗ. ಎಲೆಕ್ಷನ್ನಿನಲ್ಲಿ ಜೀಪು, ಮೈಕು, ಕಾಲೇಜಿಗೆಲ್ಲ ಮಂಡಕ್ಕಿ ಮಿರ್ಚಿ. ಒಳ್ಳೆ ಕೆಲಸವನ್ನೂ ಮಾಡಿದ್ದ, ಇಲ್ಲ ಅನ್ನೋಲ್ಲ. ಹಾಸ್ಟೆಲಿನ ಹುಡುಗರ ಊಟ ಸರಿ ಮಾಡಿಸಿದ್ದ. ನಾನೂ ಅವನಿಗೇ ಓಟು ಹಾಕಿದ್ದೆ.

ಶ್ರಾವಣದ ಒಂದು ಮಧ್ಯಾಹ್ನ ಫಾರಂ ಕೇಳೋಕೆ ಸಂಘದ ಕೋಣೆಗೆ ಹೋದೆ. ಒಳಗೆ ಅವನೊಬ್ಬನೇ. ನಾನು ಒಳಗೆ ಬಂದದ್ದೇ ತಡ, ಎದ್ದು ಬಂದು ಬಾಗಿಲ ಚಿಲಕ ಹಾಕಿದ. "ಫಾರಂ ಬೇಕಂದ್ರೆ ಸ್ವಲ್ಪ ನಕ್ಕು ಕೇಳ್ಬೇಕಪ್ಪ" ಅಂತ ನನ್ನ ಮಣಿಕಟ್ಟು ಹಿಡಿದ. ಬಿಡು ಅಂದೆ. ಬಿಡಲಿಲ್ಲ. ಇನ್ನೊಂದು ಕೈ ನನ್ನ ಸೊಂಟಕ್ಕೆ ಬಂತು. ನನ್ನ ಬಲಗೈಯಲ್ಲಿ ಊಟದ ಡಬ್ಬಿ ಇತ್ತು. ಅದನ್ನೇ ಎತ್ತಿ ಅವನ ಮುಖಕ್ಕೆ ಹೊಡೆದೆ. ಮುಚ್ಚಳ ಹಾರಿ, ರೊಟ್ಟಿ ಜೊತೆ ಇದ್ದ ಶೇಂಗಾ ಚಟ್ನಿ ಅವನ ಬಿಳಿ ಅಂಗಿ ತುಂಬ ಆಯ್ತು. ಚಿಲಕ ತೆಗೆದು ಓಡಿದವಳು ಸೀದಾ ಪ್ರಿನ್ಸಿಪಾಲರ ಕೋಣೆಗೇ ಹೋಗಿ ನಿಂತೆ.

"ಯೋಚನೆ ಮಾಡಿ ಬರೀಮ್ಮ" ಅಂದರು ಅವರು. ಯೋಚನೆ ಮಾಡೋದು ಏನಿತ್ತು? ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟೆ. ಅವನು ಏನು ಮಾಡಿದ, ನಾನು ಏನು ಮಾಡಿದೆ, ಎಲ್ಲ ಇದ್ದದ್ದು ಇದ್ದಂಗೆ.

ಸಂಜೆ ಗಾಡಿ ಹರಿಹರ ಮುಟ್ಟೋಕೆ ಮೊದಲೇ ಸುದ್ದಿ ಮುಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಡಬ್ಬಿಯಲ್ಲಿ ಹೊಡೆದದ್ದು ಎಲ್ಲರಿಗೂ ಗೊತ್ತು, ಯಾಕೆ ಹೊಡೆದೆ ಅನ್ನೋದು ಒಬ್ಬರಿಗೂ ಬೇಡ. "ಪಾಪ, ಆ ಹುಡುಗನ ಕಣ್ಣಿಗೆ ಖಾರ ಬಿತ್ತಂತೆ." "ಫಾರಂ ಕೊಡೋದು ತಡ ಆಯ್ತು ಅಂತ ಹೊಡೆದ್ಲಂತೆ." "ಬೆಂಕಿ ಇಲ್ಲದೆ ಹೊಗೆ ಬರ್ತದಾ? ಮೊದ್ಲಿಂದ ಏನೋ ಇದ್ದಿರಬೇಕು." ಮಿರ್ಚಿ ಅಂಗಡಿಯಲ್ಲಿ ಇದೇ ಮಾತು, ನಲ್ಲಿ ಹತ್ತಿರ ಇದೇ ಮಾತು. ಗಾಡಿಯಲ್ಲಿ ದಿನಾ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಮರುದಿನ ಬೇರೆ ಬೋಗಿ ಹತ್ತಿದಳು. ನಿಟ್ಟುವಳ್ಳಿಯಲ್ಲಿದ್ದ ನಮ್ಮ ಸೋದರತ್ತೆ ಬಂದು, ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ, ಬಟ್ಟೆ ಮೇಲೆ ಮುಳ್ಳು ಬಿದ್ದರೂ ಹರಿಯೋದು ಬಟ್ಟೆನೇ ಅಂತ ಗಾದೆ ಹೇಳಿ ಕಾಫಿ ಕುಡಿದು ಹೋದಳು. ಆ ಗಾದೆ ಮಾಡಿದವನು ಕೈಗೆ ಸಿಕ್ಕಿದ್ದರೆ ಅವನಿಗೂ ಡಬ್ಬಿ ಸೇವೆ ಮಾಡುತ್ತಿದ್ದೆ.

ಕಾಲೇಜಿನ ಗೋಡೆಗಳ ಮೇಲೆ ಪೋಸ್ಟರು ಬಂದವು, ಕಾರ್ಯದರ್ಶಿಗೆ ನ್ಯಾಯ ಬೇಕು ಅಂತ. ನ್ಯಾಯ, ಅವನಿಗೆ! ಪ್ರಿನ್ಸಿಪಾಲರು ಮೂವರು ಮೇಷ್ಟ್ರ ಒಂದು ಸಮಿತಿ ಮಾಡಿ, ಸೋಮವಾರ ವಿಚಾರಣೆ ಅಂದರು. ಅಪ್ಪ ಮನೆಯಲ್ಲಿ ಮಾತು ಬಿಟ್ಟ. ವಿಚಾರಣೆ ಮುಗಿಯೋವರೆಗೆ ತಡೆದಿದ್ದಾನೆ ಅಂತ ನನಗೆ ಗೊತ್ತಿತ್ತು. ಅಲ್ಲಿ ನನ್ನ ಮಾತು ನಿಲ್ಲದಿದ್ದರೆ ನನ್ನ ಓದು ಮುಗೀತು.

ಭಾನುವಾರ ಮನೆ ಮುಂದೆ ಕಾರು ಬಂದು ನಿಂತಿತು. ಇಳಿದವರು ಸಾಹುಕಾರರ ಹೆಂಡತಿ, ಅಂದರೆ ಆ ಹುಡುಗನ ತಾಯಿ, ಮತ್ತು ಅವರ ನಾದಿನಿ. ಅಪ್ಪ ಡ್ಯೂಟಿಗೆ ಹೋಗಿದ್ದ. "ಬರ್ರಿ, ಕೂಡ್ರಿ" ಅಂತ ಅವ್ವ ಚಾಪೆ ಹಾಸಿದಳು.

"ಹುಡುಗು ಬುದ್ಧಿ, ಏನೋ ಆಗಿಹೋತು. ನಿಮ್ಮ ಮಗಳ ಹೆಸರೂ ಕೆಡಬಾರದು ನೋಡ್ರಿ. ಬರೆದಿದ್ದನ್ನ ವಾಪಸ್ ತಗಂಬಿಟ್ರೆ ಎಲ್ಲರಿಗೂ ಒಳ್ಳೇದು" ಅಂದರು ಆ ತಾಯಿ.

ಅವ್ವ ಸೆರಗು ಸರಿ ಮಾಡಿಕೊಂಡು ಅಂದಳು, "ನನ್ನ ಮಗಳು ಸುಳ್ಳು ಬರೆದಿಲ್ಲ ಕಣ್ರವ್ವ. ವಾಪಸ್ ತಗಳೋದು ಆಗಲ್ಲ."

ಆಕೆ ಮತ್ತೆ ಮತ್ತೆ ಹೇಳಿದರು. ಅವ್ವ ಅದನ್ನೇ ಮತ್ತೆ ಮತ್ತೆ ಹೇಳಿದಳು. ಕೊನೆಗೆ ಬಂದವರಿಬ್ಬರೂ ಮುಖ ಊದಿಸಿಕೊಂಡು ಎದ್ದರು. ಎದ್ದು ಹೊಸ್ತಿಲ ತನಕ ಹೋಗಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಮ್ಮವ್ವ ಎಂಥವಳು ಅಂದರೆ, ನಲ್ಲಿ ನೀರಿಗೆ ಜಗಳ ಆಡೋಕೆ ಬಂದವಳನ್ನೂ ಹಣೆಗೆ ಕುಂಕುಮ ಇಡದೆ ಕಳಿಸಿದವಳಲ್ಲ. ಬೈಸಿಕೊಂಡು, ತಿರುಗಿ ಬೈದು, ಆಮೇಲೆ "ತಡಿಯೇ, ಕುಂಕುಮ ಹಚ್ಕಂಡು ಹೋಗು" ಅನ್ನುತ್ತಿದ್ದಳು. ಅವತ್ತೂ ಅದೇ ಆಯ್ತು. ಶ್ರಾವಣ ಮಾಸ, ಮೊದಲ ಸಲ ಮನೆಗೆ ಬಂದ ಮುತ್ತೈದೆಯರು. ಇಬ್ಬರಿಗೂ ಅರಿಶಿನ ಕುಂಕುಮ ಕೊಟ್ಟು, ಆ ತಾಯಿಗೆ ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಉಡಿ ತುಂಬಿ ಕಳಿಸಿದಳು.

ಸೋಮವಾರ ಸಮಿತಿ ಮುಂದೆ ಹೋಗಿ ನಿಂತೆ. ಏನು ನಡೆಯಿತು ಅಂತ ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ಅವರಲ್ಲಿ ಹಿರಿಯ ಮೇಷ್ಟ್ರು ಕನ್ನಡಕ ಒರೆಸುತ್ತಾ ಕೇಳಿದ್ದು ಇಷ್ಟೇ: "ನಿನ್ನೆ ಅವರ ತಾಯಿ ನಿಮ್ಮ ಮನೆಗೆ ಬಂದಿದ್ರಂತೆ. ನಿಮ್ಮ ತಾಯಿ ಉಡಿ ತುಂಬಿ ಕಳಿಸಿದ್ರಂತೆ. ಹೌದೋ ಅಲ್ಲೋ?"

"ಹೌದು ಸಾರ್, ಆದ್ರೆ..."

"ಆಯ್ತಲ್ಲ ಮತ್ತೆ! ಮನಸ್ಸಿನಾಗೆ ಸಿಟ್ಟು ಇಟ್ಕಂಡು ಯಾರಾದ್ರೂ ಉಡಿ ತುಂಬ್ತಾರೇನಮ್ಮ? ಮನೆಯೋರು ಮನೆಯೋರು ರಾಜಿ ಆಗ್ಯಾರೆ. ನೀನು ಯಾಕ ಎಳೀತೀಯ?"

ಆ ತಾಯಿ ಹರಿಹರದಿಂದ ವಾಪಸ್ ಹೋದವರೇ ಮಂಡಿಪೇಟೆ ತುಂಬ ಉಡಿ ತೋರಿಸಿಕೊಂಡು ಬಂದಿದ್ದರು. ಸಮಿತಿಯವರು ಕಾಗದ ಟೈಪು ಮಾಡಿಸಿಯೇ ಇಟ್ಟಿದ್ದರು, ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟಿದ್ದೆ, ವಾಪಸ್ ತೆಗೆದುಕೊಂಡಿದ್ದೇನೆ ಅಂತ. ನನ್ನ ಸಹಿ ಒಂದೇ ಬಾಕಿ. ಹಾಕೋಲ್ಲ ಅಂದೆ. ಮರುದಿನ ಸಂಜೆಯೊಳಗೆ ಹಾಕದಿದ್ದರೆ ಸುಳ್ಳು ದೂರು ಕೊಟ್ಟವಳು ಅಂತ ನನಗೇ ಟಿ.ಸಿ. ಕೊಟ್ಟು ಕಳಿಸುತ್ತೇವೆ ಅಂದರು.

ಮನೆಗೆ ಬಂದವಳು ಅವ್ವನ ಮೇಲೆ ಹರಿಹಾಯ್ದೆ. ಆಕೆ ಒಲೆ ಮುಂದೆ ರೊಟ್ಟಿ ಬಡೀತಿದ್ದಳು. "ನಿನ್ನ ಸುಡುಗಾಡು ಕುಂಕುಮ ನನ್ನ ಬಾಳನ್ನೇ ತಿಂತು! ಯಾವನೋ ನನ್ನ ಮೈ ಮುಟ್ಟಿದ್ರೆ, ನೀನು ಅವನ ತಾಯಿಗೆ ಉಡಿ ತುಂಬ್ತೀಯ? ಅಕ್ಷರ ಗೊತ್ತಿಲ್ದೋಳ ಹೊಟ್ಟೇಲಿ ಹುಟ್ಟಿದ್ದೇ ನನ್ನ ಕರ್ಮ" ಅಂದೆ. ಅಂದೆ, ಹೌದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಪ್ಪ ಬಾಗಿಲಲ್ಲಿ ನಿಂತು, "ಸಾಕು. ನಾಳೆ ಸಹಿ ಹಾಕಿ ಬಾ. ಕಾಲೇಜು ಇಲ್ಲಿಗೆ ಮುಗೀತು" ಅಂದ. ಅವ್ವ ರೊಟ್ಟಿ ತಿರುವಿ ಹಾಕಿದಳು.

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟೋ ಹೊತ್ತಿಗೆ ಅವ್ವ ಇಳಕಲ್ ಸೀರೆ ಉಟ್ಟು ಕಟ್ಟೆ ಮೇಲೆ ನಿಂತಿದ್ದಳು.

"ಎಲ್ಲಿಗೆ?" ಅಂದೆ.

"ನಿನ್ನ ಸಾಲಿಗೆ. ನಡಿ, ಗಾಡಿ ಹೋಗ್ತದೆ."

ಪ್ರಿನ್ಸಿಪಾಲರ ಕೋಣೆಗೆ ನಮ್ಮನ್ನ ಕರೆದದ್ದು ಮಧ್ಯಾಹ್ನ; ಒಳಗೆ ಆ ಮೂವರು ಮೇಷ್ಟ್ರೂ ಕೂತಿದ್ದರು. ಯಾರೂ ಅವ್ವನಿಗೆ ಕೂಡ್ರಿ ಅನ್ನಲಿಲ್ಲ. ಗಡ್ಡದ ಮುದುಕ ಜವಾನ, ನಮಾಜಿಗೆ ಹೋಗಿ ಆಗಷ್ಟೇ ಬಂದವನು, ತನ್ನ ಸ್ಟೂಲನ್ನೇ ತಂದಿಟ್ಟು "ಕೂಡ್ರಿ ಅಮ್ಮಾ" ಅಂದ. ಆ ಇಡೀ ತಿಂಗಳು ಆ ಕಾಲೇಜಿನಲ್ಲಿ ನಮಗೆ ಸಿಕ್ಕ ಮರ್ಯಾದೆ ಅದೊಂದೇ.

ಅವ್ವ ಕೂರಲಿಲ್ಲ. "ಉಡಿ ತುಂಬಿದೆ ಅಂತ ರಾಜಿ ಆತು ಅಂದ್ರಂತಲ್ಲ? ಯಾರು ಅಂದಿದ್ದು?"

ಹಿರಿಯ ಮೇಷ್ಟ್ರು ಕೆಮ್ಮಿದರು. "ಮತ್ತೆ ಯಾಕ ತುಂಬಿದ್ರಿ, ತಾಯಿ?"

"ನಿಮ್ಮ ಮನಿಗೆ ಬಂದ ಹೆಣ್ಮಕ್ಕಳನ್ನ ಬರಿ ಹಣೇಲಿ ಕಳಿಸ್ತೀರೇನ್ರಿ ನೀವು? ಕೇಳ್ರಿ ನಿಮ್ಮ ಹೆಂಡ್ರನ್ನ. ನಾ ಕುಂಕುಮ ಇಟ್ಟಿದ್ದು ಮನಿಗೆ ಬಂದ ಮುತ್ತೈದೆ ಹಣಿಗೆ. ಆಕಿ ಮಗ ಮಾಡಿದ್ದಕ್ಕೆ ಅಲ್ಲ. ಆಕಿ ಹೊರಡೋ ಮುಂಚೆ ವಾಪಸ್ ತಗಳಲ್ಲ ಅಂತ ಹತ್ತು ಸಲ ಹೇಳೀನಿ. ಅದನ್ನ ಯಾಕ ಹೇಳ್ಲಿಲ್ಲ ಆಕಿ? ಕರೆಸ್ರಿ, ನನ್ನ ಮುಂದೆ ಹೇಳ್ಲಿ."

ಇನ್ನೊಬ್ಬ ಮೇಷ್ಟ್ರು, ಸಣ್ಣ ಕಣ್ಣಿನವರು, ಕೇಳಿದರು: "ನಿಮ್ಮ ಮಗಳು ಆಗ ಎಲ್ಲಿದ್ಲು? ಆಕೀನೂ ಅಲ್ಲೇ ಇದ್ದು ಸುಮ್ಮನಿದ್ಲು ಅಂದ್ರೆ, ಆಕೀಗೂ ಒಪ್ಪಿಗೆ ಇತ್ತು ಅಂತ ಆಗ್ತದಲ್ಲ?"

"ಆಕಿ ಒಳಗೆ ಓದ್ತಿದ್ಲು. ಆಕಿಗೆ ಇದು ಏನೂ ಗೊತ್ತಿಲ್ಲ. ಎಲ್ಲಾ ನಾನೇ ಮಾಡಿದ್ದು" ಅಂದಳು ಅವ್ವ.

ಪ್ರಿನ್ಸಿಪಾಲರು ಅದನ್ನ ಬರೆದುಕೊಂಡರು. ಅವ್ವ ಹೆಬ್ಬೆಟ್ಟು ಒತ್ತಿದಳು. ಆಗ, ಮೊಟ್ಟಮೊದಲ ಸಲ, ನನ್ನ ಎರಡು ಪುಟವನ್ನ ಓದಿದರು. ಸಂಘದ ಕೋಣೆಯ ಬಾಗಿಲಿಗೆ ಒಳಗಿಂದ ಚಿಲಕ ಬಿದ್ದ ಸದ್ದು ತಾನು ಕೇಳಿದ್ದೆ ಅಂತ ಅದೇ ಜವಾನ ಹೇಳಿದ. ಇಷ್ಟು ದಿನ ಅವನನ್ನ ಯಾರೂ ಕೇಳಿರಲೇ ಇಲ್ಲ. ವಾರದಲ್ಲಿ ನೋಟೀಸು ಬಿತ್ತು: ಅಶಿಸ್ತಿಗಾಗಿ ಕಾರ್ಯದರ್ಶಿಯನ್ನ ಸ್ಥಾನದಿಂದ ತೆಗೆಯಲಾಗಿದೆ. ಅಶಿಸ್ತು ಅಂತೆ! ತಲೆ ಬಾಚದೆ ಕ್ಲಾಸಿಗೆ ಬಂದರೂ ಅದೇ ಮಾತು, ಇದಕ್ಕೂ ಅದೇ ಮಾತು. ಆದರೂ ನನ್ನ ದೂರು ನಿಂತಿತು, ಟಿ.ಸಿ. ಮಾತು ಹೋಯಿತು.

ಊರು ಸುಮ್ಮನಿರುತ್ತಾ? ಮೂರು ದಿನ ಹುಡುಗರು ಕ್ಲಾಸಿಗೆ ಹೋಗಲಿಲ್ಲ. ಮೆರವಣಿಗೆ ಹೊರಟಿತು, ಮಾಜಿ ಕಾರ್ಯದರ್ಶಿಗೆ ಹಾರ ಹಾಕಿ ಜೀಪಿನಲ್ಲಿ ಕೂರಿಸಿದರು. "ತಾಯಿ ಮಗಳು ಸೇರ್ಕಂಡು ಒಬ್ಬ ಹುಡುಗನ ಭವಿಷ್ಯ ಹಾಳು ಮಾಡಿದ್ರು" ಅಂತ ಗಾಡಿಯಲ್ಲಿ ನನಗೆ ಕೇಳೋ ಹಂಗೇ ಅಂದರು. ನಮ್ಮ ಮನೆ ಗೋಡೆ ಮೇಲೆ ಇದ್ದಿಲಿನಲ್ಲಿ ಹೊಲಸು ಬರೆದರು. ಅಪ್ಪ ಕಾರ್ಖಾನೆಯಿಂದ ಬಂದು, ನೋಡಿ, ಸುಣ್ಣ ಕಲಸಿ ಬಳಿದ. ಆಮೇಲೆ ನನ್ನ ಕಡೆ ತಿರುಗದೆಯೇ, "ನಾಳೆ ಗಾಡಿ ತಪ್ಪಿಸ್ಕಬ್ಯಾಡ" ಅಂದ.

ಒಂದು ತಿಂಗಳಿಗೆ ನವರಾತ್ರಿ ಬಂತು. ನಮ್ಮ ಬೀದಿಯಲ್ಲಿ ಆ ಒಂಬತ್ತು ದಿನ ಸಾಯಂಕಾಲ ಒಬ್ಬೊಬ್ಬರ ಮನೆಯಲ್ಲಿ ಅರಿಶಿನ ಕುಂಕುಮ. ಸಣ್ಣ ಹುಡುಗಿಯರು ಮನೆ ಮನೆಗೆ ಬಂದು ಕರೆದು ಹೋಗುತ್ತಾರೆ. ಮೊದಲ ಸಂಜೆ ಅವ್ವ ಮುಖ ತೊಳೆದು, ಸೀರೆ ಉಟ್ಟು, ಹೂ ಮುಡಿದು ಕೂತಳು. ಹುಡುಗಿಯರು ಪಕ್ಕದ ಮನೆಯಲ್ಲಿ ಕರೆದರು, ನಮ್ಮ ಬಾಗಿಲು ದಾಟಿಕೊಂಡು ಆಚೆ ಮನೆಯಲ್ಲಿ ಕರೆದರು. ಎರಡನೇ ಸಂಜೆಯೂ ಹಂಗೇ. ಕೊಟ್ಟ ಕುಂಕುಮದ ಮಾತು ತಪ್ಪಿದವಳು, ಉಡಿ ತುಂಬಿ ಆಮೇಲೆ ಹಗೆ ಸಾಧಿಸಿದವಳು ಅಂತ ಬೀದಿಯ ಹೆಂಗಸರು ತೀರ್ಮಾನ ಮಾಡಿಬಿಟ್ಟಿದ್ದರು. ಒಂಬತ್ತು ಸಂಜೆಯೂ ನಮ್ಮವ್ವನನ್ನ ಒಬ್ಬರೂ ಕರೆಯಲಿಲ್ಲ. ಅವರಲ್ಲಿ ಯಾರ ಹಣೆಗೆ ಆಕೆ ಕುಂಕುಮ ಇಟ್ಟಿರಲಿಲ್ಲ ಹೇಳಿ!

ಮೂರನೇ ಸಂಜೆ ನಾನು ತಡೆಯಲಾರದೆ ಎದ್ದೆ. ಎದುರು ಮನೆ ಮುಂದೆ ನಿಂತು ಕೇಳಿಯೇ ಬಿಡ್ತೀನಿ ಅಂತ ಹೊಸ್ತಿಲು ದಾಟಿದೆ. ಅವ್ವ ರಟ್ಟೆ ಹಿಡಿದು ಒಳಗೆ ಎಳೆದಳು. "ಸುಮ್ಕಿರು. ಕೇಳಾಕ ಹೋದ್ರೆ ಮಾತಿಗೆ ಮಾತು ಬೆಳೀತದೆ. ನಿನ್ನ ಬಾಯಿಂದ ಏನಾದ್ರೂ ಜಾರಿದ್ರೆ?"

ಏನು ಜಾರಬಾರದು ಅಂತ ನಮ್ಮಿಬ್ಬರಿಗೇ ಗೊತ್ತಿತ್ತು. ಆ ಭಾನುವಾರ ನಾನು ಒಳಗೆ ಓದುತ್ತಾ ಕೂತಿರಲಿಲ್ಲ. "ತಟ್ಟೆ ತಾರವ್ವ" ಅಂತ ಅವ್ವ ಕೂಗಿದಾಗ ಕುಂಕುಮದ ತಟ್ಟೆ ತಂದವಳು ನಾನು, ಟ್ರಂಕಿನಿಂದ ರವಿಕೆ ಕಣ ಆರಿಸಿ ತಂದವಳೂ ನಾನೇ. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕೈ ಅದರ ಪಾಡಿಗೆ ಅದು ಮಾಡಿತ್ತು. ಇದು ಗೊತ್ತಿದ್ದೇ ಮರುದಿನ ಅವ್ವನನ್ನ ಹಾಗೆ ಬೈದೆ. ಅದಾದ ಮರುದಿನ ಆಕೆ ನಾಲ್ಕು ಜನ ಗಂಡಸರ ಮುಂದೆ, ಬದುಕಿನಲ್ಲಿ ಸುಳ್ಳು ಆಡದವಳು, ಎಲ್ಲಾ ನಾನೇ ಮಾಡಿದ್ದು ಅಂತ ಹೆಬ್ಬೆಟ್ಟು ಒತ್ತಿದಳು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಅವ್ವ ಹೂ ತೆಗೆದು ದೇವರ ಮುಂದೆ ಇಟ್ಟು, "ಹೋಗು, ಓದ್ಕ" ಅಂದಳು. ನಾನು ಹೋಗಿ ಓದಿದೆ.